ಸ್ಪಾಟ್ ಔಟ್ ಅಲ್ಲ, ನನ್ನ ತಮ್ಮ ಬದುಕಿದ್ದ

ಎರಡು ವರ್ಷದ ಹಿಂದಿನ ಮಾತು. ಮೇ ತಿಂಗಳ ಒಂದು ಸಂಜೆ, ಏಳೂ ಮುಕ್ಕಾಲು. ವೈಟ್‌ಫೀಲ್ಡ್‌ನ ಆಫೀಸಿನಿಂದ ಹೊರಗೆ ಬಂದು ಕ್ಯಾಬ್‌ಗೆ ಕಾಯ್ತಾ ನಿಂತಿದ್ದೆ. ಫೋನ್ ಒಂದೇ ಸಮ ಗುಂಯ್‌ಗುಡುತ್ತಿತ್ತು. ನೋಡಿದರೆ ನಮ್ಮೂರ ವಾಟ್ಸ್‌ಆ್ಯಪ್ ಗ್ರೂಪು. ಶ್ರೀನಿವಾಸಪುರದ ಹತ್ತಿರದ ಹಳ್ಳಿ ನಮ್ಮದು. ಮೇ ಬಂತೆಂದರೆ ಆ ಗ್ರೂಪಿನಲ್ಲಿ ಮಾವಿನ ರೇಟು ಬಿಟ್ಟು ಬೇರೆ ಮಾತೇ ಇರುವುದಿಲ್ಲ. ಮಂಡಿಯಲ್ಲಿ ತೋತಾಪುರಿ ಎಷ್ಟು, ಬೇನಿಷಾ ಎಷ್ಟು, ಅಷ್ಟೇ. ಹಾಗಂದುಕೊಂಡೇ ತೆರೆದೆ.

ಇಪ್ಪತ್ತೆಂಟು ಸೆಕೆಂಡಿನ ವಿಡಿಯೊ. ಕತ್ತಲ ರಸ್ತೆ, ಬಿದ್ದಿರುವ ಬೈಕು, ಹಿಂದೆ ಲೈಟೇ ಇಲ್ಲದ ಒಂದು ಟ್ರ್ಯಾಕ್ಟರ್ ಟ್ರೈಲರ್. ಯಾರೋ ಮೊಬೈಲ್ ಟಾರ್ಚನ್ನು ನೆಲದ ಮೇಲೆ ಮಲಗಿದ್ದವನ ಮುಖಕ್ಕೆ ಹಿಡಿದಿದ್ದಾರೆ. ಕೆಳಗೆ ಬರೆದಿದೆ: "ಮುಳಬಾಗಿಲು ಹೈವೇ. ಸ್ಪಾಟ್ ಔಟ್. ಗೊತ್ತಿರೋರು ಇದ್ರೆ ಶೇರ್ ಮಾಡಿ."

ಆ ಮುಖ ನನ್ನ ತಮ್ಮನದು.

ಅವನು ಬದುಕಿದ್ದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಅದನ್ನು ಹೇಳುವವರು ಸಿಕ್ಕಿದ್ದು ಹನ್ನೊಂದು ನಿಮಿಷದ ಮೇಲೆ. ಅಮ್ಮನಿಗೆ ಅದಕ್ಕಿಂತ ತಡವಾಗಿ. ಅಮ್ಮನಿಗೆ ಓದು ಅಷ್ಟಾಗಿ ಬರುವುದಿಲ್ಲ. ಜಗುಲಿ ಮೇಲೆ ಕೂತು ಕಾಯಿ ಆರಿಸುತ್ತಿದ್ದವಳಿಗೆ ಪಕ್ಕದ ಮನೆ ಹುಡುಗ ಆ ಎರಡು ಪದ ಓದಿ ಹೇಳಿದ್ದಾನೆ. ಪಕ್ಕದ ಮನೆ ಅಜ್ಜಿ ಓಡಿಬಂದು "ಏಮೈಂದಮ್ಮಾ?" ಅಂತ ಕೇಳುವಷ್ಟರಲ್ಲಿ ಅಮ್ಮ ನೆಲದ ಮೇಲಿದ್ದಳು.

ಟೆಂಪೋ ಅಣ್ಣನ ಫೋನು

ತಮ್ಮನ ನಂಬರಿಗೆ ಮತ್ತೆ ಮತ್ತೆ ಕಾಲ್ ಮಾಡಿದೆ. ಆರನೇ ಸಲಕ್ಕೆ ಯಾರೋ ಎತ್ತಿದರು.

"ಅಕ್ಕಾ, ಸ್ಕ್ರೀನ್ ಮೇಲೆ ಅಕ್ಕ ಅಂತ ಬಂತು, ಅದಕ್ಕೆ ಎತ್ತಿದೆ. ನಿಮ್ಮ ತಮ್ಮನಾ? ಉಸಿರಾಡ್ತಾ ಇದ್ದಾರೆ ಅಕ್ಕಾ. ತಲೆಗೆ ಪೆಟ್ಟಾಗಿದೆ. 108ಕ್ಕೆ ಹೇಳಿದ್ದೀನಿ, ಬಂತು ನೋಡಿ, ಈಗ ಹತ್ತಿಸ್ತಿದ್ದಾರೆ. ನೀವು ಅಳಬೇಡಿ, ನಾನೂ ಜೊತೇಲಿ ಹೋಗ್ತೀನಿ."

ಟೊಮ್ಯಾಟೊ ಸಾಗಿಸುವ ಟೆಂಪೋ ಡ್ರೈವರ್ ಅವರು. ತುಂಬಿದ ಗಾಡಿಯನ್ನು ರಸ್ತೆ ಬದಿ ನಿಲ್ಲಿಸಿ, ಕ್ಲೀನರ್ ಹುಡುಗನನ್ನು ಅಲ್ಲೇ ಕಾವಲಿಟ್ಟು ಆಂಬುಲೆನ್ಸ್ ಹತ್ತಿದ್ದರು. ಬೈಕ್ ಓಡಿಸುತ್ತಿದ್ದ ತಮ್ಮನ ಗೆಳೆಯನಿಗೆ ಕೈ ಮುರಿದಿತ್ತು, ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ನನ್ನ ತಮ್ಮ ಹಿಂದೆ ಕೂತಿದ್ದ. ಅವನು ಯಾವತ್ತೂ ಹಿಂದೆಯೇ ಕೂರುವುದು. ಅದಕ್ಕೊಂದು ಕಾರಣ ಇದೆ, ಮುಂದೆ ಹೇಳುತ್ತೇನೆ.

ಹೊಸಕೋಟೆ ದಾಟುವಷ್ಟರಲ್ಲಿ ಮತ್ತೆ ಫೋನ್. ಹೆದ್ದಾರಿ ಬದಿಯ ಒಂದು ಆಸ್ಪತ್ರೆಗೆ ಸೇರಿಸಿದ್ದರು. ಆಸ್ಪತ್ರೆಯ ಹೆಸರು ಬೇಡ. ಟೆಂಪೋ ಅಣ್ಣ ಸ್ಪೀಕರ್ ಹಾಕಿ ಡ್ಯೂಟಿ ಡಾಕ್ಟರ ಮುಂದೆ ಹಿಡಿದರು. ಗಲಾಟೆಯ ನಡುವೆ ಡಾಕ್ಟರು ಜೋರಾಗಿ ಕೇಳಿದರು: "ಇವರಿಗೆ ಮೊದಲಿಂದ ಏನಾದ್ರೂ ಕಾಯಿಲೆ ಇದೆಯಾ? ಬಿಪಿ, ಶುಗರ್, ಫಿಟ್ಸ್?"

ಒಂದು ಸೆಕೆಂಡ್ ಸುಮ್ಮನಾದೆ. ಆಮೇಲೆ ಹೇಳಿದೆ. "ಫಿಟ್ಸ್ ಇದೆ ಡಾಕ್ಟ್ರೇ. ಹದಿನಾಲ್ಕನೇ ವಯಸ್ಸಿಂದ. ಮಾತ್ರೆ ತಗೋತಾನೆ. ಮೂರು ವರ್ಷದಿಂದ ಬಂದಿಲ್ಲ."

ಹೇಳಲೇಬೇಕಿತ್ತು. ತಲೆಗೆ ಪೆಟ್ಟಾದವನಿಗೆ ಫಿಟ್ಸ್ ಬಂದರೆ ಅದು ಹಳೆಯದೋ, ಪೆಟ್ಟಿನಿಂದ ಬಂದಿದ್ದೋ ಅಂತ ಡಾಕ್ಟರಿಗೆ ಗೊತ್ತಾಗಬೇಕು. ದಿನಾ ತಗೊಳ್ಳುವ ಮಾತ್ರೆ ತಪ್ಪಿದರೆ ಅಪಾಯ. ಆ ಮಾಹಿತಿ ಅವನ ಜೀವಕ್ಕೆ ಬೇಕಾಗಿತ್ತು. ಆದರೆ ಅದು ಡಾಕ್ಟರಿಗೆ ಒಬ್ಬರಿಗೇ ಸಾಕಿತ್ತು. ಸ್ಪೀಕರ್ ಸುತ್ತ ಹತ್ತು ಹನ್ನೆರಡು ಜನ ನಿಂತಿದ್ದರು. ಅದರಲ್ಲಿ ಇಬ್ಬರು ನಮ್ಮ ಕಡೆಯವರೇ, ವಿಡಿಯೊ ನೋಡಿ ಓಡಿಬಂದವರು.

ಹೇಳಬಾರದ್ದನ್ನು ಹೇಳಿದರು, ಹೇಳಬೇಕಾದ್ದನ್ನು ಮುಚ್ಚಿಟ್ಟರು

ನಾನು ತಲುಪಿದಾಗ ಒಂಬತ್ತೂವರೆ. ತಮ್ಮನನ್ನು ಸ್ಟ್ರೆಚರ್ ಮೇಲೆ ಬಾಗಿಲ ಪಕ್ಕವೇ ಮಲಗಿಸಿದ್ದರು. ಅಂಗಿ ಕತ್ತರಿಸಿದ್ದರು, ಪರದೆ ಇರಲಿಲ್ಲ. ಹೋಗುವವರು ಬರುವವರೆಲ್ಲ ಬಗ್ಗಿ ನೋಡುತ್ತಿದ್ದರು. ಒಬ್ಬರು ಫೋಟೊ ತೆಗೆದರು. ಬೇಡ ಅಂದರೆ, "ನಮ್ಮೋರೇ ಅಲ್ವೇನಮ್ಮಾ, ಊರಿಗೆ ಕಳಿಸಬೇಕು" ಅಂದರು.

"ಸಿ.ಟಿ. ಸ್ಕ್ಯಾನ್ ಆಯ್ತಾ?" ಅಂತ ಕೇಳಿದೆ. "ನೋಡ್ತಾ ಇದೀವಿ" ಅಂದರು. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದೆ. "ಸರ್ ಬರ್ತಾರೆ, ಕೂತ್ಕೊಳ್ಳಿ." ಕೊನೆಗೆ ಒಬ್ಬ ನರ್ಸಮ್ಮ ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದರು: "ಮೆಷೀನ್ ಬೆಳಿಗ್ಗೆಯಿಂದ ಕೆಟ್ಟಿದೆ. ತಲೆ ಆಪರೇಷನ್ ಮಾಡೋ ಡಾಕ್ಟ್ರೂ ಇಲ್ಲಿಲ್ಲ. ತಡ ಮಾಡ್ಬೇಡಿ, ಕರ್ಕೊಂಡು ಹೋಗಿ."

ಅಷ್ಟರಲ್ಲಿ ಅವನು ಅಲ್ಲಿಗೆ ಬಂದು ಒಂದೂವರೆ ಗಂಟೆ ಆಗಿತ್ತು. ಮೊದಲೇ ಯಾಕೆ ಹೇಳಲಿಲ್ಲ ಅಂತ ಕೌಂಟರಿನಲ್ಲಿ ಕೇಳಿದರೆ, "ಪೇಷಂಟ್ ವಿಚಾರ ಹೊರಗಡೆ ಡಿಸ್ಕಸ್ ಮಾಡೋ ಹಾಗಿಲ್ಲ, ಕಾನ್ಫಿಡೆನ್ಷಿಯಲ್" ಅಂದರು.

ಆ ರಾತ್ರಿ ನನಗೆ ಕೋಪ ಮಾತ್ರ ಬಂದಿತ್ತು. ಆಮೇಲೆ ಯೋಚಿಸಿದಾಗ ಒಂದು ವಿಷಯ ಕಣ್ಣಿಗೆ ಕಟ್ಟಿತು. ನನ್ನ ತಮ್ಮನ ಮುಖ, ಅವನ ಕಾಯಿಲೆ, ಅವನ ಬರಿ ಮೈ ಎಲ್ಲವೂ ಊರಿಗೆಲ್ಲ ತೆರೆದಿತ್ತು. ಮೆಷೀನ್ ಕೆಟ್ಟಿದ್ದು, ಡಾಕ್ಟರು ಇಲ್ಲದ್ದು ಮಾತ್ರ ಗುಟ್ಟಾಗಿತ್ತು. ಎಲ್ಲ ತಿರುಗುಮುರುಗು. ಮುಚ್ಚಬೇಕಾದ್ದು ರೋಗಿಯ ವಿಚಾರ, ತೆರೆದಿಡಬೇಕಾದ್ದು ಆಸ್ಪತ್ರೆಯ ವಿಚಾರ ಅಲ್ವಾ?

ಬೆಂಗಳೂರಿನ ಸರ್ಕಾರಿ ಆಸ್ಪತ್ರೆ ಮುಟ್ಟಿದಾಗ ಮಧ್ಯರಾತ್ರಿ ದಾಟಿತ್ತು. ಅಲ್ಲಿ ಜನ ಇನ್ನೂ ಜಾಸ್ತಿ. ಆದರೂ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ನನ್ನನ್ನು ಗೋಡೆ ಕಡೆ ಕರೆದುಕೊಂಡು ಹೋಗಿ, ಬೇರೆಯವರಿಗೆ ಬೆನ್ನು ಮಾಡಿ ನಿಂತು, ಮೆಲುದನಿಯಲ್ಲಿ ಕೇಳಿದರು. ಅದಕ್ಕೆ ದುಡ್ಡು ಬೇಕಿರಲಿಲ್ಲ, ಪ್ರತ್ಯೇಕ ರೂಮೂ ಬೇಕಿರಲಿಲ್ಲ. ತಮ್ಮ ಹನ್ನೆರಡು ದಿನದಲ್ಲಿ ಮನೆಗೆ ಬಂದ.

ಆಮೇಲೆ ನಡೆದದ್ದು

ಗಾಯ ಮಾಯಿತು. ಸುದ್ದಿ ಮಾಯಲಿಲ್ಲ.

"ಗಾಡಿ ಓಡಿಸ್ತಾ ಫಿಟ್ಸ್ ಬಂತಂತೆ, ಅದಕ್ಕೇ ಬಿದ್ದಿದ್ದು" ಅನ್ನೋ ಮಾತು ಹಬ್ಬಿತು. ಅವನು ಗಾಡಿ ಓಡಿಸುತ್ತಲೇ ಇರಲಿಲ್ಲ. ಫಿಟ್ಸ್ ಇರುವವರು ಓಡಿಸಬಾರದು ಅಂತ ಡಾಕ್ಟರು ಹೇಳಿದ್ದಕ್ಕೇ ಅವನು ಲೈಸೆನ್ಸನ್ನೇ ಮಾಡಿಸಿರಲಿಲ್ಲ. ಹತ್ತು ವರ್ಷದಿಂದ ಹಿಂದಿನ ಸೀಟಿನಲ್ಲೇ ಕೂತವನು. ಬಿದ್ದದ್ದು ಲೈಟಿಲ್ಲದ ಟ್ರ್ಯಾಕ್ಟರಿನಿಂದ. ಆದರೆ ಟ್ರ್ಯಾಕ್ಟರ್ ಕಥೆಗಿಂತ ಫಿಟ್ಸ್ ಕಥೆ ಜನರಿಗೆ ರುಚಿಸಿತು. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಅವನು ಕೆಲಸ ಮಾಡುವ ಫ್ಯಾಕ್ಟರಿಗೂ ಅದು ಹೋಯಿತು. ಮೆಷೀನ್ ಹತ್ತಿರ ಇದ್ದವನನ್ನು ಸ್ಟೋರಿಗೆ ಹಾಕಿದರು, ಓವರ್‌ಟೈಮ್ ಹೋಯಿತು. ನಿಜ ಹೇಳಬೇಕೆಂದರೆ, ಮೆಷೀನ್ ಹತ್ತಿರ ಕೆಲಸ ಮಾಡುವವನು ಅದನ್ನು ಮೊದಲೇ ತಾನಾಗಿ ಹೇಳಬೇಕಿತ್ತು ಅಂತ ಅವನೇ ಈಗ ಒಪ್ಪುತ್ತಾನೆ. ಅದು ಬೇರೆ ಮಾತು. ಫ್ಯಾಕ್ಟರಿಯ ಡಾಕ್ಟರ ಹತ್ತಿರ ಕೂತು ಹೇಳುವುದಕ್ಕೂ, ಕ್ಯಾಂಟೀನಿನಲ್ಲಿ ಇನ್ಯಾರದೋ ಬಾಯಿಂದ ಬರುವುದಕ್ಕೂ ವ್ಯತ್ಯಾಸ ಇದೆ.

ಇನ್ನೊಂದು ಏಟು ದೊಡ್ಡದು. ಅವನಿಗೆ ಕೋಲಾರದ ಕಡೆ ಒಂದು ಹುಡುಗಿ ಗೊತ್ತಾಗಿತ್ತು. ಆ ಹುಡುಗಿಗೆ ಇವನ ಫಿಟ್ಸ್ ವಿಚಾರ ತಿಳಿದಿತ್ತು, ತಮ್ಮನೇ ಹೇಳಿದ್ದ. ಅವಳ ಮನೆಯ ಹಿರಿಯರಿಗೆ ಇಬ್ಬರೂ ಸೇರಿ, ಡಾಕ್ಟರ ಚೀಟಿ ಇಟ್ಟುಕೊಂಡು, ಸರಿಯಾಗಿ ಕೂತು ಹೇಳಬೇಕು ಅಂತ ಮಾತಾಡಿಕೊಂಡಿದ್ದರು. ಆ ದಿನ ಅವರಿಗೆ ಸಿಗಲೇ ಇಲ್ಲ. ಅಷ್ಟರಲ್ಲಿ ಹುಡುಗಿಯ ಸೋದರಮಾವನ ಫೋನಿಗೆ ಫಾರ್ವರ್ಡ್ ಬಂದಿತ್ತು. ಆಷಾಢ ಕಳೆಯುವ ಮುಂಚೆಯೇ ಸಂಬಂಧ ಮುರಿಯಿತು. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿ ಎಂದು ಬರೆದಿದ್ದ ಅಪಸ್ಮಾರ ಎಂಬ ಪದವನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ನಮ್ಮ ಜಗುಲಿಗಳಿಗೆ ಆ ತಿದ್ದುಪಡಿ ಇನ್ನೂ ತಲುಪಿಲ್ಲ.

ಗುಟ್ಟು ಯಾಕೆ ಬೇಕು?

"ಜೀವ ಉಳಿದರೆ ಸಾಕು, ಪ್ರೈವೆಸಿ ಎಲ್ಲ ಆಮೇಲೆ" ಅಂತ ತುಂಬಾ ಜನ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಆದರೆ ತುರ್ತು ಚಿಕಿತ್ಸೆಯಲ್ಲಿ ಗುಟ್ಟಿಗೂ ಜೀವಕ್ಕೂ ನೇರ ಸಂಬಂಧ ಇದೆ.

ಕಾಲೇಜಿನ ಗೆಳತಿಯೊಬ್ಬಳು ಈಗ ಡಾಕ್ಟರು, ಎಮರ್ಜೆನ್ಸಿಯಲ್ಲಿ ಕೆಲಸ. ಅವಳು ಒಂದು ಉದಾಹರಣೆ ಕೊಟ್ಟಳು. ಮದುವೆಯಾಗದ ಹುಡುಗಿ, ವಿಪರೀತ ಹೊಟ್ಟೆನೋವು. ಪಕ್ಕದಲ್ಲಿ ಚಿಕ್ಕಮ್ಮ ನಿಂತಿದ್ದಾರೆ. "ಮುಟ್ಟು ಯಾವಾಗ ಆಗಿತ್ತು?" ಅಂದರೆ ಹುಡುಗಿ ಸರಿಯಾಗಿಯೇ ಆಗ್ತಿದೆ ಅನ್ನುತ್ತಾಳೆ. ಚಿಕ್ಕಮ್ಮನನ್ನು ಬಿಲ್ ಕಟ್ಟೋಕೆ ಕಳಿಸಿ ಮತ್ತೆ ಕೇಳಿದರೆ ಉತ್ತರ ಬೇರೆ. ಗರ್ಭ ಕೋಶದ ಹೊರಗೆ ನಿಂತಿದ್ದರೆ ಆ ಒಂದು ಉತ್ತರದ ಮೇಲೆ ಜೀವ ನಿಂತಿರುತ್ತದೆ. ವಿಷ ಸೇವಿಸಿದವರದ್ದೂ ಇದೇ ಕಥೆ. ಊರವರೆಲ್ಲ ಸುತ್ತ ನಿಂತಿದ್ದರೆ ಮನೆಯವರು "ಊಟ ಹೆಚ್ಚುಕಮ್ಮಿ ಆಗಿದೆ" ಅಂತಾರೆ. ಯಾವ ಔಷಧಿ ಅಂತ ಗೊತ್ತಾಗದೆ ಡಾಕ್ಟರು ಕತ್ತಲಲ್ಲಿ ಕೈಯಾಡಿಸಬೇಕಾಗುತ್ತದೆ.

"ನಿನ್ನ ಮಾತು ಈ ಪರದೆ ದಾಟಲ್ಲ ಅನ್ನೋ ನಂಬಿಕೆ ಇದ್ರೆ ಮಾತ್ರ ಜನ ನಿಜ ಹೇಳ್ತಾರೆ ಕಣೇ. ನಿಜ ಗೊತ್ತಾದ್ರೆ ಮಾತ್ರ ನಾನು ಸರಿಯಾದ ಔಷಧಿ ಕೊಡೋಕಾಗೋದು" ಅಂದಳು.

ಕಾನೂನೂ ಇದನ್ನೇ ಹೇಳುತ್ತದೆ. ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮಗಳ ಪ್ರಕಾರ ರೋಗಿಯ ಗುಟ್ಟನ್ನು ಡಾಕ್ಟರು ಬಿಟ್ಟುಕೊಡುವಂತಿಲ್ಲ. ಕೋರ್ಟು ಕೇಳಿದಾಗ, ಬೇರೆಯವರಿಗೆ ಗಂಭೀರ ಅಪಾಯ ಇದ್ದಾಗ, ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ ಇದ್ದಾಗ ಮಾತ್ರ ವಿನಾಯಿತಿ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಪುಟ್ಟಸ್ವಾಮಿ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಹಾಗಂತ ಪ್ರಜ್ಞೆ ತಪ್ಪಿದವನ ಒಪ್ಪಿಗೆಗೆ ಡಾಕ್ಟರು ಕಾಯುತ್ತಾ ಕೂರಬೇಕಿಲ್ಲ. ಜೀವಕ್ಕೆ ಅಪಾಯ ಇರುವ ತುರ್ತಿನಲ್ಲಿ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಆದರೆ ಅದೇ ಕಾಯ್ದೆ ವ್ಯಕ್ತಿಗಳ ಖಾಸಗಿ, ಮನೆಮಟ್ಟದ ಬಳಕೆಗೆ ಅನ್ವಯಿಸುವುದಿಲ್ಲ. ಅಂದರೆ ಊರ ಗ್ರೂಪಿನ ವಿಷಯದಲ್ಲಿ ಕಾನೂನಿಗಿಂತ ಮೊದಲು ನಮ್ಮ ಹೆಬ್ಬೆರಳೇ ತೀರ್ಮಾನ ಮಾಡಬೇಕು.

ಹೆಸರು ಬಿಟ್ಟರೆ ಸಾಕೇ?

ಕೋವಿಡ್ ದಿನಗಳು ನೆನಪಿವೆಯಾ? 2020ರ ಮೇ ಎರಡನೇ ವಾರದವರೆಗೂ ಕೋಲಾರ ಜಿಲ್ಲೆ ಹಸಿರು ವಲಯದಲ್ಲಿತ್ತು. ಮೇ 12ಕ್ಕೆ ಮುಳಬಾಗಿಲು ತಾಲ್ಲೂಕಿನಲ್ಲಿ ಐದು ಪ್ರಕರಣ ಬಂದವು. ಸರ್ಕಾರದ ಬುಲೆಟಿನ್‌ನಲ್ಲಿ ಹೆಸರು ಇರುತ್ತಿರಲಿಲ್ಲ. ಪಿ ಅಂತ ಒಂದು ಸಂಖ್ಯೆ, ವಯಸ್ಸು, ಗಂಡೋ ಹೆಣ್ಣೋ, ಎಲ್ಲಿಂದ ಬಂದವರು, ಅಷ್ಟೇ. ಬೆಂಗಳೂರಿನಲ್ಲಿ ಅಷ್ಟು ಹೇಳಿದರೆ ಯಾರೆಂದು ಯಾರಿಗೂ ಗೊತ್ತಾಗದು. ಹಳ್ಳಿಯಲ್ಲಿ ಹಾಗಲ್ಲ. ಇಷ್ಟು ವಯಸ್ಸು, ಇಂಥ ರಾಜ್ಯಕ್ಕೆ ಹೋಗಿಬಂದವರು ಅಂದರೆ ಹಾಲು ಹಾಕುವ ಹುಡುಗನೂ ಮನೆ ತೋರಿಸುತ್ತಾನೆ. ಎಷ್ಟೋ ಕಡೆ ಮನೆ ಬಾಗಿಲಿಗೇ ಪೋಸ್ಟರ್ ಅಂಟಿಸಿದರು. ಅಧಿಕಾರ ಇರುವವರು ಕಾಯ್ದೆಯಡಿ ನಿರ್ದಿಷ್ಟ ಆದೇಶ ಕೊಟ್ಟ ಹೊರತು ಹಾಗೆ ಅಂಟಿಸಬಾರದು ಎಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ 2020ರ ಡಿಸೆಂಬರ್ ಬಂದಿತ್ತು.

ಇದರಿಂದ ನಾನು ಕಲಿತದ್ದು ಇಷ್ಟು. ಸಣ್ಣ ಊರಿನಲ್ಲಿ ಹೆಸರು ಅಳಿಸಿದ ಮಾತ್ರಕ್ಕೆ ಮನುಷ್ಯ ಮರೆಯಾಗುವುದಿಲ್ಲ. "ಶ್ರೀನಿವಾಸಪುರ ತಾಲ್ಲೂಕಿನ 24ರ ಯುವಕ, ಮಾಲೂರಿನ ಫ್ಯಾಕ್ಟರಿ ನೌಕರ" ಅಂದರೆ ನಮ್ಮ ಕಡೆ ಆಧಾರ್ ನಂಬರ್ ಕೊಟ್ಟ ಹಾಗೇ.

ಹಾಗಾದರೆ ಎಲ್ಲಾ ಮುಚ್ಚಿಡೋಣವಾ?

ಖಂಡಿತ ಬೇಡ. ಇದೇ ಕೋಲಾರದಲ್ಲಿ ಇನ್ನೊಂದು ಪಾಠವೂ ಆಗಿದೆ. 2021ರ ಏಪ್ರಿಲ್ ಕೊನೆಯಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಕೋವಿಡ್ ರೋಗಿಗಳು ತೀರಿಕೊಂಡಾಗ, ಆಕ್ಸಿಜನ್ ಸಿಗದೆ ಸತ್ತರು ಎಂದು ಕುಟುಂಬದವರು ಆರೋಪಿಸಿದರು. ಮನೆಯವರು ಬಾಯಿಬಿಟ್ಟಿದ್ದರಿಂದಲೇ ಅದು ರಾಜ್ಯಕ್ಕೆಲ್ಲ ಗೊತ್ತಾಯಿತು. ಆರೋಗ್ಯ ಸಚಿವರು ಬಂದರು, ವೈದ್ಯಾಧಿಕಾರಿಗಳ ಮೇಲೆ ಅಮಾನತಿನ ಕ್ರಮ ಆಯಿತು. ಅದಾಗಿ ಒಂದು ವಾರಕ್ಕೆ ಚಾಮರಾಜನಗರ. ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ 24 ಜನ. ಹೈಕೋರ್ಟ್ ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ಅವರ ಸಮಿತಿ ಆಕ್ಸಿಜನ್ ಕೊರತೆಯನ್ನೇ ಎತ್ತಿ ಹೇಳಿತು.

ಅಂಥ ಹೊತ್ತಿನಲ್ಲಿ ಜನರಿಗೆ ತಿಳಿಯಬೇಕಿದ್ದದ್ದು ಯಾವುದು? ಒಳಗೆ ಯಾರಿದ್ದಾರೆ, ಅವರಿಗೆ ಬೇರೆ ಏನು ಕಾಯಿಲೆ ಅನ್ನುವುದಲ್ಲ. ಆಕ್ಸಿಜನ್ ಎಷ್ಟು ಗಂಟೆಗೆ ಆಗುವಷ್ಟಿದೆ, ಲೋಡ್ ಎಲ್ಲಿದೆ, ಎಷ್ಟು ಬೆಡ್ ಖಾಲಿ ಇವೆ. ಅದು ಆಸ್ಪತ್ರೆಯ ಲೆಕ್ಕ, ಅದರಲ್ಲಿ ಗುಟ್ಟೇನೂ ಇಲ್ಲ.

2005ರ ಮಾಹಿತಿ ಹಕ್ಕು ಕಾಯ್ದೆ ಈ ಗೆರೆಯನ್ನು ಎಂದೋ ಎಳೆದಿದೆ. ಒಬ್ಬರ ವೈಯಕ್ತಿಕ ಮಾಹಿತಿ ಕೇಳಿದರೆ ಕೊಡುವಂತಿಲ್ಲ. ಆದರೆ ಸರ್ಕಾರಿ ಆಸ್ಪತ್ರೆಯ ಸಿಬ್ಬಂದಿ ಎಷ್ಟು, ಔಷಧಿ ಸ್ಟಾಕ್ ಎಷ್ಟು, ಆಂಬುಲೆನ್ಸ್ ಎಷ್ಟು ಅಂತ ಯಾರು ಬೇಕಾದರೂ ಕೇಳಬಹುದು. ಸಾಮಾನ್ಯವಾಗಿ 30 ದಿನ ಕಾಯಬೇಕು. ಒಬ್ಬರ ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಯೊಳಗೆ ಉತ್ತರ ಬರಬೇಕು.

ನಮ್ಮ ರಾಜ್ಯದ್ದೇ ಒಂದು ಒಳ್ಳೆಯ ಉದಾಹರಣೆ ಹಾವು ಕಡಿತದ್ದು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣ ಮತ್ತು ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಘೋಷಿಸಿತು. ಖಾಸಗಿ ಆಸ್ಪತ್ರೆಗಳೂ ವರದಿ ಮಾಡಬೇಕು. ಎಲ್ಲಿ, ಎಷ್ಟು ಜನಕ್ಕೆ ಕಚ್ಚಿದೆ ಅಂತ ಗೊತ್ತಾದರೆ ತಾನೇ ಅಲ್ಲಿಯ ಆಸ್ಪತ್ರೆಗೆ ಔಷಧಿ ತಲುಪುವುದು? ಅದಕ್ಕೆ ಲೆಕ್ಕ ಬೇಕು. ಯಾರ ಗದ್ದೆಯಲ್ಲಿ, ಯಾರ ಸೊಸೆಗೆ ಅನ್ನೋದು ಊರಿಗೆ ಬೇಕಿಲ್ಲ.

ಕ್ಯಾಮೆರಾ ಯಾವ ಕಡೆ?

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕ ಹರೀಶ್ ಎಂಬ ಯುವಕ, ದೇಹ ಎರಡು ತುಂಡಾದ ಸ್ಥಿತಿಯಲ್ಲೂ ಅಂಗಾಂಗ ದಾನ ಮಾಡಿ ಅಂತ ಕೇಳಿಕೊಂಡದ್ದನ್ನು ಕನ್ನಡಿಗರು ಮರೆತಿಲ್ಲ. ಅಲ್ಲೂ ಜನ ವಿಡಿಯೊ ಮಾಡಿದ್ದರು. ಆ ಸಾವಿನ ಬೆನ್ನಿಗೇ, ಮಾರ್ಚ್‌ನಲ್ಲಿ, ರಸ್ತೆ ಅಪಘಾತಕ್ಕೆ ಸಿಕ್ಕವರಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಡುವ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಬಂತು. ಮರುವರ್ಷ ಕೊಪ್ಪಳದಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಹದಿನೆಂಟರ ಹುಡುಗ ಬಸ್ಸಿಗೆ ಸಿಕ್ಕು ರಕ್ತ ಸುರಿಸುತ್ತಾ ಬಿದ್ದಿದ್ದಾಗ ಸುತ್ತ ನಿಂತವರು ಫೋಟೊ ತೆಗೆಯುತ್ತಿದ್ದರು. ಅವನು ಉಳಿಯಲಿಲ್ಲ.

ವಿಡಿಯೊ ತಪ್ಪು ಅಂತ ನಾನು ಸಾರಾಸಗಟಾಗಿ ಹೇಳಲಾರೆ. ಹರೀಶ್ ಕಥೆ ನಾಡಿಗೆ ತಲುಪಿದ್ದೇ ಕ್ಯಾಮೆರಾದಿಂದ. ನನ್ನ ತಮ್ಮನ ವಿಷಯದಲ್ಲೂ, ಊರವರು ಆಸ್ಪತ್ರೆಗೆ ಓಡಿದ್ದು ಆ ವಿಡಿಯೊ ನೋಡಿಯೇ. ಅವರಲ್ಲಿ ಒಬ್ಬರು ಅವನಿಗೆ ರಕ್ತ ಕೊಟ್ಟರು. ಇದನ್ನು ಮರೆಮಾಚಿದರೆ ನನ್ನ ಬರಹ ಸುಳ್ಳಾಗುತ್ತದೆ.

ಆದರೆ ಅದಕ್ಕೆ ಮುಖ ಬೇಕಿತ್ತಾ? "ಮುಳಬಾಗಿಲು ಹೈವೇಲಿ ಆಕ್ಸಿಡೆಂಟ್ ಆಗಿದೆ, ಇಬ್ಬರು ಹುಡುಗರು, ಬದುಕಿದ್ದಾರೆ, ಇಂಥ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದಾರೆ, ಗಾಡಿ ನಂಬರ್ ಇದು" ಅಂದಿದ್ದರೆ ಸಾಕಿತ್ತು. ಕ್ಯಾಮೆರಾ ಲೈಟಿಲ್ಲದ ಟ್ರೈಲರ್ ಕಡೆ ತಿರುಗಿದ್ದರೆ ಇನ್ನೂ ಒಳ್ಳೆಯದಿತ್ತು. ಆಸ್ಪತ್ರೆಯಲ್ಲಿ ಫೋಟೊ ತೆಗೆದವರು ಕೆಟ್ಟ ಮೆಷೀನಿನ ರೂಮಿಗೆ ಹಾಕಿದ್ದ ಬೀಗದ ಫೋಟೊ ತೆಗೆದಿದ್ದರೆ ನಾನೇ ಶೇರ್ ಮಾಡುತ್ತಿದ್ದೆ.

ನೀವು ಮಾಡಬಹುದಾದದ್ದು

ಫೋನ್ ಕೈಯಲ್ಲೇ ಇದೆಯಲ್ಲ, ಇಷ್ಟು ನೆನಪಿಟ್ಟುಕೊಳ್ಳಿ.

• ಈಗಲೇ ನಿಮ್ಮ ಫೋನಿನ ತುರ್ತು ಮಾಹಿತಿ ತುಂಬಿ. ಆಂಡ್ರಾಯ್ಡ್‌ನಲ್ಲಿ ಎಮರ್ಜೆನ್ಸಿ ಇನ್ಫರ್ಮೇಷನ್, ಐಫೋನ್‌ನಲ್ಲಿ ಮೆಡಿಕಲ್ ಐಡಿ. ಲಾಕ್ ತೆಗೆಯದೆಯೇ ರಕ್ತದ ಗುಂಪು, ಅಲರ್ಜಿ, ಕರೆ ಮಾಡಬೇಕಾದ ನಂಬರ್ ಕಾಣಿಸುತ್ತದೆ. ಯಾವುದು ಕಾಣಬೇಕು ಅನ್ನುವ ತೀರ್ಮಾನ ನಿಮ್ಮದೇ.

• ಡಾಕ್ಟರು ಕೇಳಿದ್ದಕ್ಕೆ ಪೂರ್ತಿ ನಿಜ ಹೇಳಿ. ಹೇಳುವ ಮುಂಚೆ "ಸ್ವಲ್ಪ ಪಕ್ಕಕ್ಕೆ ಬನ್ನಿ" ಅಥವಾ "ಸ್ಪೀಕರ್ ಆಫ್ ಮಾಡಿ" ಅನ್ನಿ. ನಾನು ಆ ರಾತ್ರಿ ಆಡಬೇಕಿದ್ದ ಮಾತು ಅದು.

• ಮನೆಯವರಲ್ಲಿ ಒಬ್ಬರು ಮಾತ್ರ ಹೊರಗಿನವರಿಗೆ ಸುದ್ದಿ ಹೇಳಲಿ. "ಚಿಕಿತ್ಸೆ ನಡೀತಿದೆ, ನಾವೇ ತಿಳಿಸ್ತೀವಿ" ಅಂದರೆ ಸಾಕು.

• ಆಸ್ಪತ್ರೆಯವರಿಗೆ ಬಾಗಿಲಲ್ಲೇ ಮೂರು ಪ್ರಶ್ನೆ ಕೇಳಿ: ಇದಕ್ಕೆ ಬೇಕಾದ ಡಾಕ್ಟರು ಈಗ ಇದ್ದಾರಾ? ಮೆಷೀನ್ ಕೆಲಸ ಮಾಡ್ತಿದೆಯಾ? ಇಲ್ಲದಿದ್ದರೆ ಎಷ್ಟು ಹೊತ್ತಿನಲ್ಲಿ, ಎಲ್ಲಿಗೆ ಕಳಿಸ್ತೀರಿ? ಇದರಲ್ಲಿ ಯಾವ ರೋಗಿಯ ಗುಟ್ಟೂ ಇಲ್ಲ.

• ಪೊಲೀಸ್ ಕಾಗದ ಆಗಲಿ ಅಂತ ಚಿಕಿತ್ಸೆ ನಿಲ್ಲಿಸುವಂತಿಲ್ಲ. 1989ರ ಪರಮಾನಂದ ಕಟಾರ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಸರ್ಕಾರಿಯೋ ಖಾಸಗಿಯೋ, ಮೊದಲು ಜೀವ ಉಳಿಸಬೇಕು.

• ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕು. ಇದು ಅದೇ 2002ರ ನಿಯಮಗಳಲ್ಲಿದೆ. "ಕಾನ್ಫಿಡೆನ್ಷಿಯಲ್" ಅನ್ನೋ ಮಾತನ್ನು ರೋಗಿಗೇ ಹೇಳುವಂತಿಲ್ಲ.

• ರಸ್ತೆ ಅಪಘಾತಕ್ಕೆ 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆ ಇದೆ. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನ, 1.5 ಲಕ್ಷ ರೂಪಾಯಿವರೆಗೆ.

ಹೆಸರು ಹೇಳದ ಅಣ್ಣ

ತಮ್ಮ ಮನೆಗೆ ಬಂದ ಮೇಲೆ ಟೆಂಪೋ ಅಣ್ಣನಿಗೆ ಫೋನ್ ಮಾಡಿದೆ. ಅವತ್ತು ಆಸ್ಪತ್ರೆಯಿಂದ ಅವರ ನಂಬರಿನಲ್ಲೂ ಒಮ್ಮೆ ಮಾತಾಡಿದ್ದರು. ಆ ರಾತ್ರಿ ಟೊಮ್ಯಾಟೊ ಮಂಡಿಗೆ ತಡವಾಗಿ ಹೋಗಿ ಒಳ್ಳೆ ರೇಟು ತಪ್ಪಿತಂತೆ. "ಫೇಸ್‌ಬುಕ್ಕಲ್ಲಿ ನಿಮ್ಮ ಫೋಟೊ ಹಾಕಿ ಥ್ಯಾಂಕ್ಸ್ ಹೇಳ್ತೀನಿ ಅಣ್ಣಾ" ಅಂದೆ.

"ಬೇಡಕ್ಕಾ. ಹೆಸರು ಹಾಕ್ಬೇಡಿ. ಸ್ಟೇಷನ್ನು ಕೋರ್ಟು ಅಂತ ಅಲೆಸ್ತಾರೆ, ಮಾಲೀಕ್ರು ಬೈತಾರೆ. ತಮ್ಮ ಚೆನ್ನಾಗಿದಾನಲ್ಲ, ಅಷ್ಟೇ ಸಾಕು."

ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹೆಸರು ಹೇಳದೆ ಇರುವುದು ಅವರ ಹಕ್ಕು. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮಾರ್ಗಸೂಚಿ, ಆಮೇಲೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ, ಅದರ 2020ರ ನಿಯಮಗಳು ಎಲ್ಲವೂ ನೆರವಾದವರ ಪರ ಇವೆ. ಹೆಸರು, ವಿಳಾಸ, ಫೋನ್ ನಂಬರ್ ಕೊಡಿ ಅಂತ ಪೊಲೀಸರಾಗಲಿ ಆಸ್ಪತ್ರೆಯಾಗಲಿ ಒತ್ತಾಯ ಮಾಡುವಂತಿಲ್ಲ. ಈ ಹಕ್ಕುಗಳನ್ನು ಆಸ್ಪತ್ರೆಯ ಬಾಗಿಲಲ್ಲಿ ಸ್ಥಳೀಯ ಭಾಷೆಯಲ್ಲೂ ಹಾಕಬೇಕು. ನೆರವಾದವರ ರಕ್ಷಣೆಗೆ ಕರ್ನಾಟಕ 2016ರಲ್ಲೇ ತನ್ನದೇ ಕಾಯ್ದೆಯನ್ನೂ ರೂಪಿಸಿತ್ತು. ಹೆಸರು ಗುಟ್ಟಾಗಿದ್ದರೆ ಜನ ಧೈರ್ಯವಾಗಿ ಮುಂದೆ ಬರುತ್ತಾರೆ ಅನ್ನೋದು ಲೆಕ್ಕ. ಎತ್ತಿದವರಿಗೆ ಇಷ್ಟು ಮರ್ಯಾದೆ ಕೊಟ್ಟಿದ್ದೇವೆ. ಬಿದ್ದವರಿಗೂ ಅಷ್ಟೇ ಕೊಡೋಕೆ ನಮಗೆ ಏನು ಕಷ್ಟ?

ಆ ವಿಡಿಯೊ ಇನ್ನೂ ಯಾರ ಯಾರ ಫೋನಿನಲ್ಲಿದೆಯೋ ಗೊತ್ತಿಲ್ಲ. ಊರ ಗ್ರೂಪಿನಲ್ಲಿ ಹಾಕಿದ ಹುಡುಗ ಅಮ್ಮನ ಮುಂದೆ ಬಂದು ನಿಂತು, "ತಪ್ಪಾಯ್ತು ದೊಡ್ಡಮ್ಮಾ, ಯಾರೋ ಕಳಿಸಿದ್ರು, ಓದದೆ ಹಾಕ್ಬಿಟ್ಟೆ" ಅಂದ. ಅಮ್ಮ ಅವನಿಗೆ ಬೈಯಲಿಲ್ಲ. "ಇನ್ಮೇಲೆ ಯಾರದ್ದಾದ್ರೂ ಬಂದ್ರೆ ಮೊದಲು ಅವರಮ್ಮನ್ನ ನೆನೆಸ್ಕೋ" ಅಂದಳು.

ಈ ಬರಹ ಕಳಿಸುವ ಮುಂಚೆ ತಮ್ಮನಿಗೆ ಓದಿ ಹೇಳಿದೆ. ಅವನ ಒಪ್ಪಿಗೆ ಇಲ್ಲದೆ ಬರೆದರೆ ನಾನೂ ಆ ಗ್ರೂಪಿನವರ ಹಾಗೇ ಆಗುತ್ತಿದ್ದೆ. ಎರಡು ಸಾಲು ತೆಗೆಸಿದ, ತೆಗೆದೆ. ಫಿಟ್ಸ್ ವಿಚಾರ ಇರಲಿ ಅಂದ.

"ಯಾಕೋ, ಅದೇ ತಾನೇ ಇಷ್ಟೆಲ್ಲ ಮಾಡಿದ್ದು?"

ಅವನು ತನ್ನ ಫೋನ್ ತೋರಿಸಿದ. ತುರ್ತು ಮಾಹಿತಿಯಲ್ಲಿ ಕಾಯಿಲೆ, ಮಾತ್ರೆಯ ಹೆಸರು, ಡೋಸು, ಕೆಳಗೆ ನನ್ನ ನಂಬರು, ಎಲ್ಲಾ ತುಂಬಿದ್ದ.

"ಇದನ್ನ ನಾನೇ ಬರೆದಿದ್ದೀನಿ ಅಕ್ಕಾ" ಅಂದ.